ಹೆದರಿಕೆ ಹೇಳಿದವರಿಗೆ ಚಾ

ನಾಲ್ಕು ಜನರ ಎದುರು ನಿಂತು "ನನಗೆ ಹೆದರಿಕೆ ಆಗ್ತದೆ" ಎಂದು ಬಾಯಿಬಿಟ್ಟು ಹೇಳಿದ ಗಂಡಸನ್ನು ನಾನು ಜನ್ಮದಲ್ಲಿ ಒಬ್ಬರನ್ನೇ ಕಂಡಿದ್ದೇನೆ. ಅವರು ಹೋದ ತಿಂಗಳು ಭಟ್ಕಳದಲ್ಲಿ ತೀರಿಕೊಂಡರು. ಸುದ್ದಿ ಬಂದಾಗ ನಾನು ಬಂಗಡೆ ತೊಳೆಯುತ್ತಿದ್ದೆ. ಇವರು ಫೋನು ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಿಗೆ ಬಂದು, "ಸಾಯ್ಬ್ರು ಹೋದ್ರಂತೆ" ಅಂದರು. ಯಾವ ಸಾಯ್ಬ್ರು ಎಂದು ನಾನು ಕೇಳಲಿಲ್ಲ. ನಮ್ಮ ಮನೆಯಲ್ಲಿ ಹಾಗೆಂದರೆ ಅವರೊಬ್ಬರೇ.

ಇವರು ಮಣ್ಣಿಗೆ ಹೋಗಿ ಬಂದರು. ನಾನು ದೇವರ ಮುಂದೆ ಒಂದು ದೀಪ ಹಚ್ಚಿ ಕೂತೆ. ಬೇರೆ ಧರ್ಮದವರ ಹೆಸರಿನಲ್ಲಿ ಹಚ್ಚಬಹುದೋ ಇಲ್ಲವೋ ನನಗೆ ಗೊತ್ತಿಲ್ಲ, ಯಾರನ್ನೂ ಕೇಳಲೂ ಇಲ್ಲ. ನನ್ನ ಗಂಡ ದಿನಾ ಸಂಜೆ ಕೈಕಾಲು ನೆಟ್ಟಗಿಟ್ಟುಕೊಂಡು ಮನೆಗೆ ಬರುತ್ತಾರಲ್ಲ, ಅದಕ್ಕಾಗಿ ನಾನು ನೆನೆಯುವವರಲ್ಲಿ ದೇವರು ಮೊದಲು, ಆಮೇಲೆ ಅವರು.

ನನ್ನ ಗಂಡ ಪೈಪಿನ ಕೆಲಸದ ಮೇಸ್ತ್ರಿ. ಮನೆಯ ನಳ ಜೋಡಿಸುವ ಕೆಲಸವಲ್ಲ. ಊರಿಗೆ ನೀರು ಒಯ್ಯುವ ದೊಡ್ಡ ಪೈಪು. ಆಳದ ಹೊಂಡಕ್ಕೆ ಇಳಿದು, ಬಗ್ಗಿ ಕೂತು, ಒಂದು ಪೈಪಿನ ಬಾಯಿಗೆ ಇನ್ನೊಂದನ್ನು ಕೂಡಿಸಬೇಕು. ತಲೆಯ ಮೇಲೆ ಎರಡಾಳು ಮಣ್ಣು. ಇವರು ಬೆಳಿಗ್ಗೆ ಮನೆ ಬಿಟ್ಟರೆ ನನಗೆ ಅಕ್ಕಿ ಆರಿಸುವಾಗಲೂ ಅದೇ, ಬಟ್ಟೆ ಹಿಂಡುವಾಗಲೂ ಅದೇ ಯೋಚನೆ. ಇವರ ಬಾಯಲ್ಲಿ ಮಾತ್ರ ಹೆದರಿಕೆಯ ಮಾತೇ ಬರುತ್ತಿರಲಿಲ್ಲ. ಏನಾದರೂ ಕೇಳಿದರೆ, "ನಂಗೆಂತ ಹೆದ್ರಿಕೆ ಮಾರಾಯ್ತಿ, ನಾನೇನು ಹೊಸಬನಾ?" ಎಂದು ಹೆಗಲಿಗೆ ಟವೆಲು ಹಾಕಿಕೊಂಡು ಹೊರಟುಬಿಡುತ್ತಿದ್ದರು. ಹೇಳಿದ್ದರೆ ನನಗೆ ಅರ್ಧವಾದರೂ ಸಮಾಧಾನ ಇರುತ್ತಿತ್ತು.

ಹೊನ್ನಾವರದಲ್ಲಿ ನಮ್ಮ ಮನೆ ಹೊಳೆಯ ದಂಡೆಗೆ. ಎದುರಿಗೆ ಹೊಳೆಯ ನಡುಗಡ್ಡೆ, ಮಾವಿನಕುರ್ವೆ. ಹೊಳೆಯ ತಳದಲ್ಲಿ ಪೈಪು ಹಾಕಿ ಆಚೆಯ ಜನರಿಗೆ ಸಿಹಿನೀರು ಕೊಡುವ ಕೆಲಸ ಹಿಡಿದ ಕಂಪನಿಯವರು ನಮ್ಮ ಹಿತ್ತಲ ಬೇಲಿಯ ಆಚೆಗೇ ಹೊಂಡ ತೆಗೆದರು. ಇವರಿಗೆ ಅಲ್ಲೇ ಮೇಸ್ತ್ರಿ ಕೆಲಸ ಸಿಕ್ಕಿತು. ನನಗೆ ಕೆಲಸದವರಿಗೆ ಬೆಳಗಿನ ಚಾ, ಅವಲಕ್ಕಿ ಮಾಡಿಕೊಡುವ ಕೆಲಸ ಸಿಕ್ಕಿತು. ಗಂಡ ಕಣ್ಣಿನ ಅಳತೆಯಲ್ಲಿ ಇರುತ್ತಾರೆ, ಅಷ್ಟಾದರೂ ದೇವರು ಕೊಟ್ಟ ಎಂದುಕೊಂಡೆ. ಆ ಕೆಲಸಕ್ಕೆ ಮೆನೇಜರ್ ಆಗಿ ಬಂದವರು ಸಾಯ್ಬ್ರು. ಭಟ್ಕಳದ ನವಾಯತರು. ಬಹಳ ವರ್ಷ ಗಲ್ಫಿನಲ್ಲಿ ದೊಡ್ಡ ದೊಡ್ಡ ಕೆಲಸ ಮಾಡಿಸಿ, ಕೂದಲು ಬೆಳ್ಳಗಾದ ಮೇಲೆ ಊರಿಗೆ ಬಂದವರು.

ಮೊದಲ ದಿನ ಅವರು ನಮ್ಮ ಬೇಲಿಬಾಗಿಲು, ದಣಪೆಯ ಹೊರಗೇ ನಿಂತು ಕೂಗಿದರು. "ಅಕ್ಕಾ, ನಾಯಿ ಕಟ್ಟಿದ್ದೀರಾ?"

ನಮ್ಮ ನಾಯಿ ಮುದಿಯಾಗಿತ್ತು. ಹಲ್ಲಿಲ್ಲ, ಕಣ್ಣಿಗೂ ಪೊರೆ. "ಅದು ಎಂತ ಮಾಡುದಿಲ್ಲ, ಬನ್ನಿ ಸಾಯ್ಬ್ರೆ" ಅಂದೆ.

"ಅದು ಎಂತ ಮಾಡುದಿಲ್ಲ ಅಂತ ನಿಮಗೆ ಗೊತ್ತು ಅಕ್ಕ. ನನಗೆ ಗೊತ್ತಿಲ್ಲ. ಅದಕ್ಕೂ ಗೊತ್ತಿದೆಯಾ ಅಂತ ಕೇಳಿಲ್ಲ. ಕಟ್ಟಿಬಿಡಿ."

ಆರಡಿ ಆಳು, ಎದೆತುಂಬ ಗಡ್ಡ. ನಾನು ನಗು ತಡೆದುಕೊಂಡು ನಾಯಿಯನ್ನು ಕಟ್ಟಿದೆ. ಆಮೇಲೆ ಒಳಗೆ ಬಂದರು, ಬಂದವರು ಮೇಲೆ ನೋಡಿ, ತೆಂಗಿನಮರದ ನೇರಕ್ಕೆ ಇದ್ದ ಕುರ್ಚಿಯನ್ನು ಎತ್ತಿ ಗೋಡೆಯ ಬದಿಗೆ ಇಟ್ಟುಕೊಂಡು ಕೂತರು. ನಮ್ಮ ಊರಿನವರು ಅವರಿಗೆ ವಾರದೊಳಗೆ ಹೆಸರಿಟ್ಟರು, "ಹೆದ್ರುಪುಕ್ಲ ಸಾಯ್ಬ್ರು" ಎಂದು. ದೋಣಿಯಲ್ಲಿ ಕುರ್ವೆಗೆ ಹೋಗುವಾಗ ಕಿತ್ತಳೆ ಬಣ್ಣದ ತೇಲುವ ಕೋಟು ಹಾಕಿಕೊಂಡೇ ಹೋಗುತ್ತಿದ್ದರು. ದೋಣಿಯವ ಕೀಟಲೆ ಬಿಡುತ್ತಿರಲಿಲ್ಲ. "ಸಾಯ್ಬ್ರೆ, ನೀರು ಇಳತ ಇದ್ದಾಗ ಇಲ್ಲಿ ಸೊಂಟ ಮುಳುಗುವಷ್ಟೂ ನೀರಿಲ್ಲ. ನಮ್ಮನೆ ಎಮ್ಮೆ ದಾಟ್ತದೆ."

"ನಿನ್ನ ಎಮ್ಮೆಗೆ ಈಜು ಬರ್ತದೆ ಮಾರಾಯ. ನನಗೆ ಬರೂದಿಲ್ಲ."

ಅವರಿಗೆ ಸಿಟ್ಟು ಬಂದದ್ದು ನಾನು ನೋಡಲಿಲ್ಲ. ಹೆದರುಪುಕ್ಕಲ ಅಂದರೆ ಹೌದು ಅನ್ನುತ್ತಿದ್ದರು. ಶುಕ್ರವಾರ ಊರಿಗೆ ಹೋದವರು ಬರುವಾಗ ಬಾಳೆಎಲೆಯಲ್ಲಿ ಸುತ್ತಿದ ಭಟ್ಕಳ ಮಲ್ಲಿಗೆ ತಂದು ಜಗಲಿಯ ಮೇಲಿಟ್ಟು, "ನಿಮ್ಮ ದೇವರಿಗೆ" ಅನ್ನುತ್ತಿದ್ದರು. ನನ್ನ ತಲೆಗೆ ಎಂದು ಒಮ್ಮೆಯೂ ಅನ್ನಲಿಲ್ಲ. ದೇವರಿಗೆ ಏರಿಸಿ ಉಳಿದದ್ದನ್ನು ನಾನು ಮುಡಿಯುತ್ತಿದ್ದೆ.

ಬಂದ ಸ್ವಲ್ಪ ದಿನಕ್ಕೆ ಅವರು ಒಂದು ಪದ್ಧತಿ ಶುರು ಮಾಡಿದರು. ಬೆಳಿಗ್ಗೆ ಕೆಲಸಕ್ಕೆ ಇಳಿಯುವ ಮೊದಲು ಎಲ್ಲರೂ ತಾಡಪತ್ರೆಯ ಚಪ್ಪರದ ಕೆಳಗೆ ನಿಲ್ಲಬೇಕು. ನಾನು ಚಾದ ಪಾತ್ರೆ ಹಿಡಿದುಕೊಂಡು ನಿಲ್ಲಬೇಕು. ಒಬ್ಬೊಬ್ಬರೂ ಇವತ್ತಿನ ಕೆಲಸದಲ್ಲಿ ತಮಗಿರುವ ಒಂದು ಹೆದರಿಕೆ ಹೇಳಬೇಕು. ಹೇಳಿದವರಿಗೆ ಚಾ.

ಮೊದಲ ದಿನ ಪೂರಾ ನಗೆ. ಒಬ್ಬ, "ನಂಗೆ ನಮ್ಮತ್ತೆ ಹೆದ್ರಿಕೆ" ಅಂದ.

"ಅದಕ್ಕೆ ನನ್ನ ಹತ್ರ ಮದ್ದಿಲ್ಲ. ಕೆಲಸದ್ದು ಹೇಳು."

"ಕೆಲಸದಲ್ಲಿ ಎಂತ ಹೆದ್ರಿಕೆ ಸಾಯ್ಬ್ರೆ? ಎಲ್ಲ ಸರಿ ಅದೆ."

ಅವರು ತಮ್ಮದೇ ಮೊದಲು ಹೇಳಿದರು. "ನನ್ನ ಹೆದರಿಕೆ ಕೇಳಿ. ಇವತ್ತು ಲಾರಿಯಲ್ಲಿ ಬರುವ ಪೈಪು ಬೇರೆ ಅಳತೆಯದ್ದು ಬಂದ್ರೆ ಎಂತ ಮಾಡುದು ಅಂತ ನನಗೆ ಬೆಳಗಿನ ನಮಾಜಿನಲ್ಲೂ ಅದೇ ತಲೆಯಲ್ಲಿತ್ತು. ಅಲ್ಲಾ ಕ್ಷಮಿಸಲಿ."

ಆಗ ಪಂಪು ನಡೆಸುವವ, ಮಾತು ಕಮ್ಮಿ ಇದ್ದ ಮನುಷ್ಯ, ನೆಲ ನೋಡುತ್ತ ಹೇಳಿದ. "ಪಂಪಿನ ವಯರು ಹೊಂಡದ ನೀರಲ್ಲಿ ಬಿದ್ಕಂಡದೆ. ಒಂದೊಂದ್ಸಲ ಕಾಲಿಗೆ ಜುಮ್ ಅಂತದೆ."

ಆ ಹೊಂಡದಲ್ಲೇ ನನ್ನ ಗಂಡ ದಿನಾ ಮೊಣಕಾಲು ನೀರಿನಲ್ಲಿ ನಿಲ್ಲುವುದು. ಸಾಯ್ಬ್ರು ಚಾ ಕೆಳಗಿಟ್ಟರು. ವಯರನ್ನು ಕಂಬ ಹುಗಿದು ಮೇಲೆತ್ತಿಸುವವರೆಗೆ ಯಾರನ್ನೂ ಇಳಿಯಲು ಬಿಡಲಿಲ್ಲ. ಅವತ್ತು ಚಾ ತಣ್ಣಗಾಗಿ ಹೋಯಿತು, ನಾನು ಮತ್ತೆ ಮಾಡಿದೆ. ಎರಡನೇ ಸಲದ ಹಾಲು ನನ್ನ ಮನೆಯದು. ಅದಕ್ಕೆ ನನಗೆ ಬೇಸರವಾಗಲಿಲ್ಲ.

ಮರುದಿನದಿಂದ ಜನ ಒಂದೊಂದಾಗಿ ಹೇಳತೊಡಗಿದರು. ಏಣಿಯ ಮೆಟ್ಟಿಲು ಸಡಿಲ ಆದದ್ದು, ಜೋಡಿಸುವ ರಬ್ಬರು ಕಡಿಮೆ ಬಂದದ್ದು. ಇವರು ಮಾತ್ರ ದಿನಾ ಒಂದೇ ಹೇಳುತ್ತಿದ್ದರು: "ನಂಗೆ ನನ್ನ ಹೆಂಡ್ತಿ ಹೆದ್ರಿಕೆ." ಎಲ್ಲ ನಗುತ್ತಿದ್ದರು. ಸಾಯ್ಬ್ರು ನಗುತ್ತಿರಲಿಲ್ಲ. "ಮೇಸ್ತ್ರಿಗೆ ಕೊನೆಗೆ ಕೊಡಿ ಅಕ್ಕ" ಅನ್ನುತ್ತಿದ್ದರು.

ಒಂದು ದಿನ ಜಗಲಿಯಲ್ಲಿ ಕೂತಾಗ ಕೇಳಿದೆ, "ಸಾಯ್ಬ್ರೆ, ಬೇರೆ ಸಾಹೇಬ್ರುಗಳು ಬಂದು ಎಲ್ಲ ಸರಿ ಅದೆಯಾ ಅಂತ ಕೇಳ್ತ್ರು. ನೀವು ಎಂತಕೆ ಹಾಗೆ ಕೇಳುದಿಲ್ಲ?"

ಅವರು ಹೇಳಿದರು. ಗಲ್ಫಿನಲ್ಲಿ ಅವರ ಕೈಕೆಳಗೆ ಮುರ್ಡೇಶ್ವರದ ಕಡೆಯವನೊಬ್ಬ ಇದ್ದನಂತೆ. ಸಾಯ್ಬ್ರೇ ಕೆಲಸ ಕೊಡಿಸಿ ಕರೆಸಿಕೊಂಡದ್ದು. ಒಂದು ಬೆಳಿಗ್ಗೆ ಕಾಲುವೆಯ ಬದಿಯಲ್ಲಿ ಅವನು ಕಂಡಾಗ ಸಾಯ್ಬ್ರು ಹೋಗುತ್ತ ಹೋಗುತ್ತಲೇ ಕೇಳಿದರು, ಎಲ್ಲ ಸರಿ ಅದೆಯಾ ಎಂದು. ಅವನು ನಕ್ಕು, ಸರಿ ಅದೆ ಅಂದ. ಮಧ್ಯಾಹ್ನದೊಳಗೆ ಕಾಲುವೆಯ ಗೋಡೆ ಅವನ ಮೇಲೆ ಕುಸಿದು ಕೂತಿತು.

"ಗೋಡೆ ಬಿರುಕು ಬಿಟ್ಟದ್ದು ಅವನಿಗೆ ಗೊತ್ತಿತ್ತು ಅಕ್ಕ. ಆಚೆ ಈಚೆಯವರಿಗೆಲ್ಲ ಗೊತ್ತಿತ್ತು. ದೊಡ್ಡವರು ಎಲ್ಲ ಸರಿ ಅದೆಯಾ ಅಂತ ಕೇಳಿದ್ರೆ ನಮ್ಮ ಕಡೆ ಜನ ಎಂತ ಹೇಳ್ತಾರೆ? ಸರಿ ಇಲ್ಲ ಅನ್ನುದು ಅವರಿಗೆ ಮರ್ಯಾದೆ ಕೊಡದ ಹಾಗೆ ಆಗ್ತದೆ. ಅದಕ್ಕೆ ನಾನು ಎಂತ ಸರಿ ಇಲ್ಲ ಅಂತ ಕೇಳುದು. ಕೆಲಸ ಹಾಳಾಗುದು ಸಿಮೆಂಟು ಕಡಿಮೆಯಾಗಿ ಅಲ್ಲ. ಗೊತ್ತಿದ್ದವರ ಬಾಯಿಂದ ಮಾಡಿಸುವವರ ಕಿವಿಗೆ ಬರುವ ದಾರಿಯಲ್ಲಿ ಮಾತು ಸತ್ತು ಹೋಗ್ತದೆ. ಅದರಿಂದ."

ಅದನ್ನು ಅವರು ಮತ್ತೆ ಎಂದೂ ಎತ್ತಲಿಲ್ಲ. ನಾನೂ ಕೆದಕಲಿಲ್ಲ.

ಇನ್ನೊಂದು ಮಾತು ನನ್ನ ಅಡುಗೆಮನೆಯಲ್ಲೇ ಹುಟ್ಟಿದ್ದು. ಕೆಲಸ ಅರ್ಧ ಆಗುವಾಗ ಆಚೆ ಕುರ್ವೆಯಿಂದ ಒಬ್ಬೊಬ್ಬರೇ ಬಂದು ಹೊಸದು ಕೇಳತೊಡಗಿದರು. ಒಬ್ಬರಿಗೆ ಗುಡಿಯ ಹತ್ತಿರ ಒಂದು ನಳ ಬೇಕು, ಇನ್ನೊಬ್ಬರಿಗೆ ಮೀನು ಒಣಗಿಸುವ ಜಾಗಕ್ಕೆ ಬೇಕು, ಮತ್ತೊಬ್ಬರಿಗೆ ಅವರ ಮಾವನ ಮನೆಯ ಬಾಗಿಲಿಗೇ ಬೇಕು. ಕಂಪನಿಯವರು ಎಲ್ಲರಿಗೂ "ಆತು, ಆತು" ಅಂದರು. ದಿನ ಹೆಚ್ಚು ಕೊಡಲಿಲ್ಲ, ಜನ ಹೆಚ್ಚು ಕೊಡಲಿಲ್ಲ.

ಸಾಯ್ಬ್ರು ಕೇಳಿದರು, "ಅಕ್ಕ, ಮನೆಯವರ ಅಳತೆಗೆ ಸಾರು ಮಾಡಿದ್ದೀರಿ. ಊಟದ ಹೊತ್ತಿಗೆ ಅಷ್ಟೇ ಜನ ನೆಂಟರು ಬಂದ್ರೆ ಎಂತ ಮಾಡ್ತೀರಿ?"

"ಇನ್ನೊಂದು ಚೊಂಬು ನೀರು ಹಾಕಿ ಕುದಿಸ್ತೆ."

"ಹಾಕಿದ್ದು ಅವರಿಗೆ ಹೇಳ್ತೀರಾ?"

"ಹೇಳುವ ಮಾತಾ ಅದು!"

"ಕಂಪನಿಯವರೂ ಹೇಳುದಿಲ್ಲ" ಅಂದರು. "ಸಾರು ತೆಳ್ಳಗಾದ್ರೆ ಯಾರೂ ಸಾಯುದಿಲ್ಲ. ಒಡ್ಡು ತೆಳ್ಳಗಾದ್ರೆ ನನಗೆ ಹೆದರಿಕೆ."

ಒಡ್ಡು ಅಂದರೆ ಹೊಂಡಕ್ಕೆ ಹೊಳೆಯ ನೀರು ನುಗ್ಗದ ಹಾಗೆ ಮರಳಿನ ಚೀಲ, ಮಣ್ಣು ಹಾಕಿ ಕಟ್ಟಿದ್ದು. ಒಡ್ಡಿನ ಆಚೆ ಹೊಳೆ, ಈಚೆ ಹೊಂಡ, ಹೊಂಡದಲ್ಲಿ ನನ್ನ ಗಂಡ. ನಮ್ಮಲ್ಲಿ ಹೊಳೆ ಸುಮ್ಮನೆ ಹರಿಯುವುದಿಲ್ಲ. ಸಮುದ್ರದ ಭರತಿ ಬಂದಾಗ ಉಬ್ಬುತ್ತದೆ, ಇಳತದಲ್ಲಿ ಇಳಿಯುತ್ತದೆ. ಅಮಾಸೆ ಹುಣ್ಣಿಮೆಯ ಭರತಿಗೆ ನಮ್ಮ ಬೇಲಿಯ ಬುಡವೂ ಒದ್ದೆಯಾಗುತ್ತದೆ.

ಮಳೆಗಾಲ ಹತ್ತಿರ ಬಂತು. ನಳ ತಿರುಗಿಸಲು ದೊಡ್ಡವರೊಬ್ಬರು ಬರುತ್ತಾರೆ ಎಂದು ಕಂಪನಿಯವರು ದಿನ ಗೊತ್ತು ಮಾಡಿಬಿಟ್ಟರು. ಅದಕ್ಕೆ ಸರಿಯಾಗಿ ಕೆಲಸ ಮುಗಿಸಬೇಕೆಂದರೆ ಕೊನೆಯ ಜೋಡಣೆ ಅಮಾಸೆಯ ದಿನವೇ ಆಗಬೇಕು. ಸಾಯ್ಬ್ರು ಬೇಡ ಅಂದರು. ಆಗ ನಮ್ಮ ಕೆಲಸದವರು ತಾವೇ ಒಂದು ಉಪಾಯ ಕಂಡುಕೊಂಡರು. ಹೊಳೆದಂಡೆಯ ಜಟಗನ ಗುಡಿಗೆ ಹೋಗಿ ಪ್ರಸಾದ ಕೇಳಿದರು. ಪೂಜೆ ಮಾಡುವ ಗುನಗರು ಹೂವಿನ ಎಸಳನ್ನು ಒದ್ದೆ ಮಾಡಿ ದೇವರಿಗೆ ಅಂಟಿಸಿ ಕೇಳುತ್ತಾರೆ. ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಇಲ್ಲ. ಕೂತ ಸ್ವಲ್ಪ ಹೊತ್ತಿಗೇ ಎಸಳು ಬಲಕ್ಕೆ ಬಿತ್ತು.

ಅಲ್ಲಿಂದ ಎಲ್ಲರ ಬಾಯಿಗೂ ಬೀಗ. ಬೆಳಿಗ್ಗೆ ಚಾದ ಹೊತ್ತಿನಲ್ಲಿ ಹೆದರಿಕೆ ಹೇಳಿ ಅಂದರೆ, "ಪ್ರಸಾದ ಆಗದೆ ಸಾಯ್ಬ್ರೆ, ಇನ್ನೆಂತ ಹೆದ್ರಿಕೆ?" ಹೆದರಿದೆ ಅಂದರೆ ದೇವರನ್ನು ನಂಬಲಿಲ್ಲ ಅಂದ ಹಾಗೆ. ನನಗೂ ಹಾಗೇ ಅನ್ನಿಸಿತು. ಜಟಗ ನಮ್ಮನ್ನು ಕಾಯುವವನು, ಅವನು ಹೇಳಿದ ಮೇಲೆ ನಾನು ಯಾರು?

ಸಾಯ್ಬ್ರು ನನ್ನನ್ನು ಮೆಲ್ಲಗೆ ಕೇಳಿದರು, "ಅಕ್ಕ, ದೇವರ ಹತ್ರ ಎಂತ ಕೇಳಿದ್ರು?"

"ಆ ದಿನ ಒಳ್ಳೇದಾ ಅಂತ."

"ದಿನ ಒಳ್ಳೇದು ಅಂತ ದೇವರು ಹೇಳಿದ. ಬಹಳ ಸಂತೋಷ. ಒಡ್ಡು ಒಳ್ಳೇದು ಅಂತ ಹೇಳ್ಲಿಲ್ಲ. ಅದನ್ನು ಯಾರೂ ಕೇಳ್ಲಿಲ್ಲ. ಅದನ್ನು ನೋಡ್ಲಿಕ್ಕೆ ದೇವರು ನಮಗೆ ಕಣ್ಣು ಕೊಟ್ಟಿದ್ದಾನೆ."

ದೇವರ ಮಾತಿನಲ್ಲಿ ನನಗೆ ಬುದ್ಧಿ ಹೇಳಿದರೆ ನಾನು ಸಹಿಸುವವಳಲ್ಲ. ಅವರ ಮಾತಿನಲ್ಲಿ ಮಾತ್ರ ನನಗೆ ತಪ್ಪು ಕಾಣಲಿಲ್ಲ.

ಅಮಾಸೆಯ ದಿನ ಬೆಳಿಗ್ಗೆ ಕಂಪನಿಯವರು ಅವರನ್ನು ಕುಮಟೆಯ ಆಫೀಸಿಗೆ ಕರೆಸಿಕೊಂಡರು. ಅವರು ಇಲ್ಲಿದ್ದರೆ ಕೆಲಸ ನಿಲ್ಲಿಸುತ್ತಾರೆ ಎಂದೇ ಕರೆಸಿದ್ದು ಎಂದು ಆಮೇಲೆ ಗೊತ್ತಾಯಿತು. ಇಲ್ಲಿ ಸೂಪರ್‌ವೈಸರ್ ನಿಂತರು. ಘಟ್ಟದ ಮೇಲಿನವರು, ಕೆಟ್ಟವರಲ್ಲ, ಅವಸರದವರು. "ಇವತ್ತು ಹೆದರಿಕೆ ಗಿದರಿಕೆ ಬೇಡ, ಚಾ ಕುಡಿದು ಇಳೀರಿ" ಅಂದರು. ಎಲ್ಲ ನಗುತ್ತ ಕುಡಿದರು. ಇವರು ನಗಲಿಲ್ಲ. ಅವಲಕ್ಕಿಯ ತಟ್ಟೆಯನ್ನು ಹಾಗೇ ಕೆಳಗಿಟ್ಟರು.

"ಎಂತ ಆತು?" ಅಂದೆ.

"ಎಂತ ಇಲ್ಲ."

"ಹೇಳಿ."

"ಎಂತ ಇಲ್ಲ ಅಂದೆನಲ್ಲ ಮಾರಾಯ್ತಿ, ದಾರಿ ಬಿಡು."

ಬಿಟ್ಟೆ. ಆಮೇಲೆ ಪಾತ್ರೆ ತೊಳೆಯಲು ಕೈ ಏಳಲಿಲ್ಲ. ತುಳಸಿಯ ಎದುರು ನಿಂತರೆ ಬಾಯಲ್ಲಿ ದೇವರ ಹೆಸರು ಬರಲಿಲ್ಲ. ಬೇಲಿಯ ತಡಿಗೆ ಹೋಗಿ ನೋಡಿದೆ. ಹೊಳೆ ಉಬ್ಬುತ್ತಿತ್ತು. ಹೊಂಡದ ಕಡೆಗೆ ಒಡ್ಡಿನ ಬುಡದಲ್ಲಿ ದಿನಾ ಒಂದಿಷ್ಟು ನೀರು ಒಸರುವುದು ಇತ್ತು, ತಿಳಿನೀರು. ಇವತ್ತು ಅದು ಕೆಂಪಗೆ ಬರುತ್ತಿತ್ತು.

ಪಂಪಿನವನನ್ನು ಕೇಳಿದೆ, "ಇದೆಂತ ಬಣ್ಣ?"

"ನಾನೂ ನೋಡಿದೆ ಅಕ್ಕ. ಪ್ರಸಾದ ಬಲಕ್ಕೆ ಬಿದ್ದದಲ್ಲ, ನಾವೆಂತ ಹೇಳುದು?"

ಸೂಪರ್‌ವೈಸರನ್ನು ಕೇಳಿದೆ. "ಅಕ್ಕೋರೆ, ಮೇಸ್ತ್ರಿಯೇ ಒಳಗಿದ್ದಾರೆ. ಭಯ ಇದ್ರೆ ಅವ್ರೇ ಹೇಳ್ತಿರಲಿಲ್ವಾ?"

ಹೊಂಡದ ಬಾಯಿಗೆ ಹೋಗಿ ಕೂಗಿದೆ. ಒಳಗಿಂದ ಇವರು, "ಸೂಪರ್‌ವೈಸರ್ ನೋಡಿದ್ರು. ಅವ್ರು ಎಂತದೂ ಹೇಳ್ಲಿಲ್ಲ ಅಂದ್ರೆ ಎಂತದೂ ಇಲ್ಲ. ಒಂದೇ ಜೋಡಣೆ ಉಳದದೆ, ನೀನು ಒಳಗೆ ಹೋಗು!"

ಎಲ್ಲರೂ ನೋಡಿದ್ದರು. ಒಬ್ಬರೂ ಹೇಳಿರಲಿಲ್ಲ. ಅಲ್ಲೇ ಮಣ್ಣಿನ ಮೇಲೆ ಕೂತು ಸಾಯ್ಬ್ರಿಗೆ ಫೋನು ಹಚ್ಚಿದೆ. ಮೀಟಿಂಗಿನ ನಡುವೆ ಎತ್ತಿದರು; ಆಚೆ ಯಾರೋ ಗದರುವುದು ಕೇಳುತ್ತಿತ್ತು.

"ಏನು ಹೆದರಿಕೆ ಅಕ್ಕ?" ಅಂದರು. ಹೇಗಿದ್ದೀರಿ, ಏನು ವಿಷಯ ಅನ್ನಲಿಲ್ಲ. ನೇರ ಅದೇ.

"ಒಡ್ಡಿನ ನೀರು ಕೆಂಪಾಗದೆ ಸಾಯ್ಬ್ರೆ."

"ಎಲ್ಲರನ್ನೂ ಮೇಲೆ ಹತ್ತಿಸಿ. ನಾನು ಹೇಳಿದ್ದು ಅಂತ ಹೇಳಿ. ಪಂಪು ನಿಲ್ಲಿಸಿ, ಹೊಂಡಕ್ಕೆ ನೀರು ತುಂಬಲಿ. ಸೂಪರ್‌ವೈಸರ್ ಕೈಗೆ ಫೋನು ಕೊಡಿ."

ಸೂಪರ್‌ವೈಸರ್ ಫೋನು ಹಿಡಿದು "ಸರ್, ಸರ್" ಅನ್ನುತ್ತಲೇ ಬೆವರಿದರು. ಕೈಬೀಸಿ ಎಲ್ಲರನ್ನೂ ಕರೆದರು. ಉಳಿದವರು ಹತ್ತಿ ಬಂದರು. ಇವರು ಬರಲಿಲ್ಲ. ಕೆಳಗಿಂದ ಬೈಗುಳ ಬಂತು: "ಅರ್ಧ ಕೂಡಿಸಿದ್ದಕ್ಕೆ ನೀರು ಬಿಡ್ತ್ರಾ? ನಾನೇನು ಹೆದ್ರಿ ಓಡುವವನಾ? ನಾ ಬರುದಿಲ್ಲ!"

ನಾನು ಫೋನು ಕಸಿದುಕೊಂಡೆ. "ಸಾಯ್ಬ್ರೆ, ಇವ್ರು ಬರುದಿಲ್ಲ ಅಂತ್ರು." ಅಷ್ಟು ಹೇಳುವಾಗ ಅಳು ಬಂತು.

ಅವರು ಹೇಳಿದ್ದು ಇಷ್ಟು: "ಅಕ್ಕ, ನಿಮ್ಮ ಯಜಮಾನರಿಗೆ ಹೆದರಿಕೆ ಇಲ್ಲ ಅಂತ ನನಗೆ ಗೊತ್ತು. ಹೆದರಿಕೆ ನನಗೆ. ನನ್ನ ಕೈಕಾಲು ನಡುಗ್ತಾ ಇದೆ. ನನ್ನ ಸಲುವಾಗಿ ಮೇಲೆ ಬರ್ಬೇಕಂತೆ ಅಂತ ಹೇಳಿ."

ಹೊಂಡದ ಬಾಯಲ್ಲಿ ಬಗ್ಗಿ ಗಂಟಲು ಹರಿಯುವ ಹಾಗೆ ಕೂಗಿದೆ. "ಸಾಯ್ಬ್ರಿಗೆ ಹೆದ್ರಿಕೆ ಆಗ್ತದಂತೆ! ಕೈಕಾಲು ನಡುಗ್ತದಂತೆ! ಅವ್ರ ಸಲುವಾಗಿ ನೀವು ಮೇಲೆ ಬರ್ಬೇಕಂತೆ!"

ಸುತ್ತ ನಿಂತವರು ಆ ಹೊತ್ತಿನಲ್ಲೂ ನಕ್ಕರು. ಆಮೇಲೆ ಏಣಿ ಅಲುಗಿತು. "ಈ ಹೆದ್ರುಪುಕ್ಲ ಸಾಯ್ಬ್ರ ಕಾಲದಲ್ಲಿ ಒಂದು ಕೆಲಸ ಮುಗಿಯುದಿಲ್ಲ" ಎಂದು ಗೊಣಗುತ್ತ ಇವರ ತಲೆ ಮೇಲೆ ಬಂತು. ನಾನು ಅವರ ಅಂಗಿಯ ಚುಂಗು ಹಿಡಿದುಕೊಂಡವಳು ಮನೆಯ ಅಂಗಳಕ್ಕೆ ಬರುವವರೆಗೂ ಬಿಡಲಿಲ್ಲ. ಜನ ನೋಡಿದರೆ ನೋಡಲಿ.

ಸಾಯ್ಬ್ರು ಕುಮಟೆಯಿಂದ ಯಾರದೋ ಬೈಕಿನ ಹಿಂದೆ ಕೂತು ಬಂದರು. ಬೈಕು ಹತ್ತಲು ಹೆದರುವ ಮನುಷ್ಯ. ಇಳಿದವರೇ ಒಡ್ಡಿನ ಬುಡಕ್ಕೆ ಹೋಗಿ ಕೆಂಪು ನೀರನ್ನು ಅಂಗೈಗೆ ಹಿಡಿದು ಹೆಬ್ಬೆರಳಿನಲ್ಲಿ ತಿಕ್ಕಿ ಎಲ್ಲರಿಗೂ ತೋರಿಸಿದರು. "ಇದು ಹೊಳೆ ನೀರಲ್ಲ, ಒಡ್ಡು. ಒಡ್ಡೇ ಸ್ವಲ್ಪ ಸ್ವಲ್ಪ ಕರಗಿ ಹೊರಗೆ ಬರ್ತಾ ಇದೆ." ಹೊಂಡದಲ್ಲಿ ನೀರು ಏರಿ, ಆಚೆ ಈಚೆ ಸಮ ಆಗಿ ಒಡ್ಡಿನ ಮೇಲಿನ ಒತ್ತಡ ಇಳಿಯುವವರೆಗೆ ಅಲ್ಲೇ ನಿಂತಿದ್ದರು. ಆಮೇಲೆ ನಮ್ಮ ಜಗಲಿಗೆ ಬಂದು ಕೂತರು. ಚಾದ ಲೋಟ ಅವರ ಕೈಯಲ್ಲಿ ಟಕಟಕ ಅನ್ನುತ್ತಿತ್ತು. "ಸಕ್ಕರೆ ಜಾಸ್ತಿ ಹಾಕಿ ಅಕ್ಕ" ಅಂದರು.

ಒಡ್ಡು ಆ ದಿನ ಒಡೆಯಲಿಲ್ಲ. ಮರುದಿನದ ಭರತಿಗೂ ಒಡೆಯಲಿಲ್ಲ. ದೊಡ್ಡವರು ಬರುವ ಕಾರ್ಯಕ್ರಮ ತಪ್ಪಿತು, ಹಾಕಿದ ಶಾಮಿಯಾನ ಬಿಚ್ಚಿದರು. ಕಂಪನಿಯವರು ಸಾಯ್ಬ್ರನ್ನು ಎಲ್ಲರೆದುರೇ ಕೇಳಿದರು, "ಒಡ್ಡು ನಿಂತೇ ಇದೆಯಲ್ಲ? ಮತ್ತೆ ಯಾಕೆ ನಿಲ್ಲಿಸಿ ಮಾನ ಕಳೆದ್ರಿ?" ಅವರು, "ಹೌದು, ನಿಂತಿದೆ" ಅಂದರು. ಬೇರೆ ಏನು ಹೇಳುವುದು? ಆಗದೇ ಹೋದದ್ದಕ್ಕೆ ಸಾಕ್ಷಿ ಎಲ್ಲಿಂದ ತರುವುದು? ಇಳತದಲ್ಲಿ ಚೀಲ ತೆಗೆದಾಗ ಒಡ್ಡಿನ ಒಳಗೆ ಪೊಳ್ಳಾಗಿತ್ತು. ಇವರು ಕೈ ಹಾಕಿದರೆ ಭುಜದವರೆಗೆ ಹೋಯಿತು. ಕೈ ಹೊರಗೆ ತೆಗೆದವರು ಯಾರ ಹತ್ತಿರವೂ ಮಾತಾಡದೆ ಮನೆಗೆ ಬಂದು, ಜಗಲಿಯಲ್ಲಿ ಕೂತು, ಆ ಕೈಯನ್ನೇ ನೋಡುತ್ತಿದ್ದರು. ಅದನ್ನು ಕಂಪನಿಯವರಿಗೆ ತೋರಿಸಿದಾಗ, "ಆದರೂ ನಿಂತಿತ್ತಲ್ಲ" ಅಂದರಂತೆ.

ಮಳೆಗಾಲ ಕಳೆದು ಕೆಲಸ ಮುಗಿಯಿತು. ಅಷ್ಟರಲ್ಲಿ ಸಾಯ್ಬ್ರನ್ನು ಕೆಲಸದಿಂದ ಬಿಡಿಸಿದ್ದರು. ನಳ ತಿರುಗಿಸುವ ದಿನ ಹಾರ ಹಾಕಿ ಬಹಳ ಜನರ ಹೆಸರು ಹೇಳಿದರು, ಅವರದ್ದು ಹೇಳಲಿಲ್ಲ. ಗದ್ದಲ ಎಲ್ಲ ಮುಗಿದ ಮೇಲೆ ಒಂದು ದಿನ ಅವರೇ ಬಂದರು. ಕಿತ್ತಳೆ ಕೋಟು ಹಾಕಿಕೊಂಡು ದೋಣಿಯಲ್ಲಿ ಕುರ್ವೆಗೆ ಹೋಗಿ, ನಳದ ನೀರನ್ನು ಬೊಗಸೆಯಲ್ಲಿ ಕುಡಿದು, "ಉಪ್ಪಿಲ್ಲ" ಅಂದರಂತೆ. ಅಷ್ಟೇ.

ಕೊನೆಯ ಸಲ ನೋಡಿದ್ದು ಭಟ್ಕಳದ ಅವರ ಮನೆಯಲ್ಲಿ. ಕಾಯಿಲೆಯಲ್ಲಿ ಮೈ ಇಳಿದುಹೋಗಿತ್ತು. ಇವರು ಮಂಚದ ಹತ್ತಿರ ಕೂತು, ಏನು ಕೇಳಬೇಕು ಎಂದು ತಿಳಿಯದೆ, "ಹೆದ್ರಿಕೆ ಆಗ್ತದಾ ಸಾಯ್ಬ್ರೆ?" ಎಂದುಬಿಟ್ಟರು. ನಾನು ಇವರ ಕೈ ಚಿವುಟಿದೆ.

ಅವರು ಮಾತ್ರ ಹಗುರಾಗಿ ನಕ್ಕರು. "ಆಗ್ತದೆ ಮೇಸ್ತ್ರಿ. ಮಗಳಿಗೆ ಹೇಳಿದೆ, ಡಾಕ್ಟರಿಗೆ ಹೇಳಿದೆ, ಅಲ್ಲಾನಿಗೆ ದಿನಾ ಹೇಳ್ತೇನೆ. ಹೇಳಿದ ಮೇಲೆ ನಿದ್ದೆ ಬರ್ತದೆ." ಆಮೇಲೆ ಇವರನ್ನೇ ನೋಡಿ, "ನೀನು ಯಾರಿಗೆ ಹೇಳ್ತೀ?" ಅಂದರು. ಇವರು ತಲೆ ತಗ್ಗಿಸಿದರು.

ಈಗ ಇವರಿಗೆ ಕುಮಟೆಯ ಆಚೆ, ಸಂತೆಗುಳಿಯ ಕಡೆ ಕೆಲಸ. ಗುಡ್ಡ ಕಡಿದು ಮಾಡಿದ ಜಾಗದಲ್ಲಿ ನೀರಿನ ಟಾಕಿ ಕಟ್ಟುತ್ತಿದ್ದಾರೆ, ಅದರ ಬುಡದಲ್ಲಿ ಪೈಪು. ಮಳೆ ಹಿಡಿದ ಮೇಲೆ ನನಗೆ ಮತ್ತೆ ಅದೇ, ಅಕ್ಕಿ ಆರಿಸುವಾಗಲೂ ಗುಡ್ಡ, ಬಟ್ಟೆ ಹಿಂಡುವಾಗಲೂ ಗುಡ್ಡ. ನಿನ್ನೆ ಮಧ್ಯಾಹ್ನ ಅನ್ನಕ್ಕೆ ಇಟ್ಟಿದ್ದೆ, ದಣಪೆ ಸದ್ದಾಯಿತು. ಇವರು, ಕೆಲಸದ ಚೀಲದ ಸಮೇತ. ಹೊತ್ತಲ್ಲದ ಹೊತ್ತಿನಲ್ಲಿ ಗಂಡ ಬಂದರೆ ಎದೆ ಹೇಗೆ ಹೊಡೆದುಕೊಳ್ಳುತ್ತದೆ! ಮೊದಲು ಕೈಕಾಲು ನೋಡಿದೆ. ಎಲ್ಲ ಇತ್ತು.

"ಎಂತ ಆತು?"

ಎಂತ ಇಲ್ಲ ಅನ್ನುತ್ತಾರೆ ಎಂದುಕೊಂಡಿದ್ದೆ. ಕಾಲು ತೊಳೆದು ಜಗಲಿಯಲ್ಲಿ ಕೂತು, ನೆಲ ನೋಡುತ್ತ ಹೇಳಿದರು. "ಗುಡ್ಡದ ನೆತ್ತಿಯಲ್ಲಿ ಸೀಳು ಬಿಟ್ಟದೆ. ನಿನ್ನೆ ಕೈಬೆರಳು ಹೋಗ್ತಿತ್ತು, ಇವತ್ತು ಕೈ ಹೋಗ್ತದೆ. ಕೆಳಗೆ ಕೂತು ಕೆಲಸ ಮಾಡುಕೆ ಆಗ್ಲಿಲ್ಲ. ಹೆದ್ರಿಕೆ ಆತು. ಬಂದೆ."

ನನ್ನ ಜನ್ಮದಲ್ಲಿ ಇವರ ಬಾಯಲ್ಲಿ ಆ ಮಾತು ಕೇಳಿರಲಿಲ್ಲ. ದೇವರ ಕೋಣೆಯ ಕಡೆ ತಿರುಗಿ ಕೈಮುಗಿದೆ. ಮುಗಿದ ಕೈ ಇಳಿಸುವ ಮೊದಲೇ ಇನ್ನೊಂದು ಹೊಳೆಯಿತು.

"ಅಲ್ಲಿ ಹೇಳಿ ಬಂದ್ರ್ಯಾ?"

"ಹೊಟ್ಟೆನೋವು ಅಂತ ಹೇಳಿ ಬಂದೆ."

"ಉಳಿದವ್ರು?"

"ಕೆಲಸ ಮಾಡ್ತಿದ್ರು."

ಹೊರಗೆ ಮಳೆ ಜೋರಾಗುತ್ತಿತ್ತು. ಆ ಉಳಿದವರ ಹೆಸರು ನನಗೆ ಗೊತ್ತಿಲ್ಲ. ಅವರ ಮನೆಗಳಲ್ಲೂ ಈಗ ಅನ್ನಕ್ಕೆ ಇಟ್ಟಿರುತ್ತಾರೆ. ನಾನು ಇವರ ಮುಖ ನೋಡಿದೆ. ಇವರು ಬಹಳ ಹೊತ್ತು ಫೋನನ್ನು ಕೈಯಲ್ಲಿ ತಿರುಗಿಸುತ್ತ ಕೂತರು. ಹಚ್ಚಿದರೆ ನಾಳೆಯಿಂದ ಬರಬೇಡ ಅನ್ನುತ್ತಾರೆ, ಅದು ಇಬ್ಬರಿಗೂ ಗೊತ್ತು. ಕಡೆಗೆ ಹಚ್ಚಿದರು. ಮೊದಲ ಸಲ ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದರು. ಈ ಸಲ ಆಚೆಯಿಂದ ಎಂಜಿನಿಯರ ದನಿ ಕೇಳಿತು. ಇವರು ಕೂತಲ್ಲಿಂದ ಎದ್ದು ನಿಂತರು.

"ಸರ್, ಹೊಟ್ಟೆನೋವು ಅಂದದ್ದು ಸುಳ್ಳು. ನಂಗೆ ಆ ಗುಡ್ಡ ನೋಡಿ ಹೆದ್ರಿಕೆ ಆತು. ಮೊದ್ಲು ಅವ್ರನ್ನ ಅಲ್ಲಿಂದ ಎಬ್ಸಿ ಸರ್, ಆಮೇಲೆ ನಂಗೆ ಎಷ್ಟು ಬೇಕಾದ್ರೂ ಬೈಯಿರಿ."